ಎಂಜಿನ್ ಇಳಿಸಿದ ದಿನ

ಬೆಳಗಿನಿಂದ ಗೈಕ್ ಹೂನಳ ಬಾಯಲ್ಲಿ ನೀರೂರುತ್ತಲೇ ಇತ್ತು, ವಾಂತಿಗೆ ಮುಂಚೆ ಊರುತ್ತದಲ್ಲ, ಹಾಗೆ. ಸುಳ್ಳು ಹೇಳಿದವರ ಬಾಯಿ ಒಣಗುತ್ತದೆ ಅಂತ ಅವಳು ಕೇಳಿದ್ದಳು. ಇದು ಯಾವ ಜಾತಿಯ ಸುಳ್ಳೋ ಏನೋ. ಜೆಲುತೊಂಗಿನ ಓಣಿಯಲ್ಲಿ ಕಿಯೋಂಗನ ಗ್ಯಾರೇಜಿನ ಮುಂದೆ, ಒಂದು ಕಾಲು ಗಿಡ್ಡವಾದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು, ಆಸ್ಪತ್ರೆಯಲ್ಲಿ ಹೆಸರು ಕೂಗಲಿ ಅಂತ ಕಾಯುವವಳ ಹಾಗೆ ಕೂತಿದ್ದಳು. ಎದುರಿಗೆ ಅಪ್ಪನ ಕಾರು. ಹಸಿರು ಬಣ್ಣದ, ಎರಡೇ ಸೀಟಿನ, ಚಾವಣಿ ಮಡಿಚಿಡುವ ಇಂಗ್ಲಿಷ್ ಕಾರು. ಬಾನೆಟ್ ಕಳಚಿ ಗೋಡೆಗೆ ಒರಗಿಸಿದ್ದರು. ಬಾನೆಟ್ ಇಲ್ಲದ ಅದರ ಮುಖ ಹಲ್ಲುಸೆಟ್ಟು ತೆಗೆದಿಟ್ಟ ಮುದುಕನ ಮುಖದಂತಿತ್ತು. ಕೊನೆಕೊನೆಗೆ ಅಪ್ಪನ ಮುಖವೂ ಹೀಗೇ ಇತ್ತು. ಗಂಜಿ ಕುಡಿಸುವಾಗ ಆ ಬೊಚ್ಚುಬಾಯಿ ನೋಡಿ ತನಗೆ ಕನಿಕರಕ್ಕಿಂತ ಮೊದಲು ಒಂದು ಸಣ್ಣ ಸಮಾಧಾನ ಆಗುತ್ತಿತ್ತಲ್ಲ ಎಂಬುದು ನೆನಪಾಗಿ ಅವಳು ಬೇರೆ ಕಡೆ ನೋಡಿದಳು.

ಬೇರೆ ಕಡೆ ಇನ್ನೊಂದು ಕಾರಿತ್ತು. ಕಾರಲ್ಲ, ಕಾರಿನ ಅರ್ಧ. ಜಪಾನಿನಿಂದ ಹಡಗಿನಲ್ಲಿ ಹೀಗೆ ನಡುವಿಗೆ ಕೊಯ್ದು ಬರುವುದನ್ನು ಇಲ್ಲಿ ಎಲ್ಲರೂ ಹಾಫ್‌ಕಟ್ ಅನ್ನುತ್ತಾರೆ. ಮುಂದಿನ ಚಕ್ರ, ದೀಪ, ಎಂಜಿನ್, ಸ್ಟೀರಿಂಗ್ ಎಲ್ಲ ಇದ್ದು, ಬಾಗಿಲಿನಿಂದಾಚೆಗೆ ಏನೂ ಇಲ್ಲ; ಗರಗಸ ಹಾಯ್ದ ತಗಡಿನ ಅಂಚು, ಕತ್ತರಿಸಿದ ತಂತಿಗಳ ಕಟ್ಟು, ಅಷ್ಟೆ. ಯಾರೋ ಒಬ್ಬಳು ಓಡಿಸುತ್ತಿದ್ದ ಕಾರಿರಬೇಕು. ಸ್ಟೀರಿಂಗಿನ ಕೆಳಗೆ ಕೂದಲಿಗೆ ಹಾಕುವ ನೀಲಿ ರಬ್ಬರ್ ಬ್ಯಾಂಡೊಂದು ಇನ್ನೂ ನೇತಾಡುತ್ತಿತ್ತು. ಮೊನ್ನೆ ಅದನ್ನು ನೋಡಿಯೇ ಹೂನ್ ಈ ಎಂಜಿನ್ನೇ ಇರಲಿ ಅಂದಿದ್ದಳು. ಕಿಯೋಂಗ್ ಪಿಸ್ಟನ್ನು, ಸಿಲಿಂಡರು ಅಂತ ಏನೇನೋ ಹೇಳುತ್ತಿದ್ದ. ಅವಳು ತಲೆ ಆಡಿಸುತ್ತಿದ್ದಳು. ಅವಳಿಗೆ ಬೇಕಾಗಿದ್ದು ಒಂದೇ. ಅಪ್ಪನನ್ನು ಕಂಡೇ ಇರದ ಎಂಜಿನ್ನು. ಅಪ್ಪನ ದನಿ ಕೇಳಿರದ, ಅಪ್ಪನ ಕೈಯಿಂದ ಎಣ್ಣೆ ಕುಡಿದಿರದ ಎಂಜಿನ್ನು.

"ಮುದುಕರನ್ನ ಕೇಳಿದ್ರಾ ಅಕ್ಕ?" ಬೆಳಿಗ್ಗೆ ಬಂದ ಕೂಡಲೇ ಕಿಯೋಂಗ್ ಕೇಳಿದ್ದು ಇದನ್ನೇ. ಸತ್ತವರ ಕಾರಿಗೆ ಅವರನ್ನು ಕೇಳದೆ ಅವನು ಸ್ಪ್ಯಾನರ್ ಮುಟ್ಟಿಸುವುದಿಲ್ಲ. ಅವನಪ್ಪನ ಕಾಲದಿಂದ ಹಾಗೆ.

"ಕೇಳಿದೆ. ಒಪ್ಪಿದ್ರು."

"ಮೂರು ಸಲವೂ?"

"ಮೂರು ಸಲವೂ," ಅಂದಳು. ಬಾಯಲ್ಲಿ ನೀರೂರಿದ್ದು ಆಗ.

ಕೇಳಿದ್ದು ನಿಜ. ಹಿತ್ತಾಳೆಯ ಬಟ್ಟಲಲ್ಲಿ ಊದುಬತ್ತಿ ನೆಟ್ಟು, ಕಿತ್ತಳೆ ಹಣ್ಣಿಟ್ಟು, ಅಪ್ಪನ ಫೋಟೋದ ಮುಂದೆ ಮಂಡಿಯೂರಿ, ಕೆಂಪು ಬಳಿದ ಎರಡು ಮರದ ತುಂಡುಗಳನ್ನು ಅಂಗೈಗಳ ನಡುವೆ ಹಿಡಿದು, "ಅಪ್ಪಾ, ಕಾರಿನಿಂದ ನಿನ್ನ ಎಂಜಿನ್ ತೆಗೆಸಿ ಬೇರೆ ಹಾಕಿಸ್ತೀನಿ, ಒಪ್ಪಿಗೇನಾ?" ಅಂತ ಕೇಳಿ ನೆಲಕ್ಕೆ ಬಿಟ್ಟಿದ್ದಳು. ಅರ್ಧಚಂದ್ರದಂಥ ತುಂಡುಗಳು, ಒಂದು ಮಗ್ಗುಲು ಚಪ್ಪಟೆ, ಒಂದು ಮಗ್ಗುಲು ಉಬ್ಬು. ಒಂದು ಚಪ್ಪಟೆ ಒಂದು ಉಬ್ಬು ಮೇಲಾಗಿ ಬಿದ್ದರೆ ಒಪ್ಪಿಗೆ. ಎರಡೂ ಉಬ್ಬು ಮೇಲಾದರೆ ಇಲ್ಲ. ಎರಡೂ ಚಪ್ಪಟೆ ಮೇಲಾಗಿ ಬೆನ್ನಿನ ಮೇಲೆ ಬಿದ್ದು ತೊಟ್ಟಿಲಿನ ಹಾಗೆ ತೂಗಾಡಿದರೆ ಸತ್ತವರು ನಗುತ್ತಿದ್ದಾರೆ ಅಂತ. ಮೊದಲ ಸಲ ತೂಗಾಡಿದವು. ಅವಳು ಅದೇ ಮಾತು ಹೇಳಿ ಮತ್ತೆ ಬಿಟ್ಟಳು. ತೂಗಾಡಿದವು. ಮೂರನೆಯ ಸಲ ಬಿಡುವಾಗ ಒಂದು ತುಂಡು ಪೀಠದ ಕಾಲಿಗೆ ಬಡಿದು ಇನ್ನೇನು ಮಗುಚಬೇಕು, ಮಗುಚಲಿಲ್ಲ. ಮೊಸಾಯಿಕ್ ನೆಲದ ಮೇಲೆ ಎರಡೂ ಅಕ್ಕಪಕ್ಕ ತೂಗಾಡುತ್ತಲೇ ಇದ್ದವು, ಹೊಟ್ಟೆ ಹಿಡಿದುಕೊಂಡು ನಗುವವರ ಹಾಗೆ. ಹಿಂದೆ ಬೆತ್ತದ ಕುರ್ಚಿಯಲ್ಲಿ ಅಮ್ಮ, ಪೊರೆ ಬಂದ ಕಣ್ಣು ಎತ್ತದೆ, ಮೊಳಕೆ ಕಾಳಿನ ಬಾಲ ಕೀಳುತ್ತಾ ಕೂತಿದ್ದಳು. "ಏನಂತೆ?" ಅಂದಳು. "ಆಯ್ತಂತೆ," ಅಂದಳು ಹೂನ್, ತುಂಡುಗಳನ್ನು ಗಬಕ್ಕನೆ ಎತ್ತಿ ಡ್ರಾಯರಿಗೆ ಹಾಕುತ್ತಾ. ಸಾಯುವವರೆಗೂ ನಕ್ಕದ್ದು ಸಾಲದೆ ಸತ್ತ ಮೇಲೂ ನಗುತ್ತಾನೆ, ಇವನ ಬಾಯಿಗೆ ಮಣ್ಣು ಹಾಕಿದ್ದೂ ದಂಡ.

ನಗು ಅಂದರೆ ಆ ನಗುವೇ. ಬಾತು ಫೆರಿಂಗಿ ದಾರಿಯ ಏರಿನಲ್ಲಿ, ಸಮುದ್ರಕ್ಕೆ ಬೆನ್ನು ಮಾಡಿ ನಿಂತ ಕಾಫಿ ಅಂಗಡಿಯಲ್ಲಿ, ಭಾನುವಾರ ಬೆಳಿಗ್ಗೆ ಅಪ್ಪನ ಗೆಳೆಯರೆಲ್ಲ ಸೇರುತ್ತಿದ್ದರು. ಗುಡ್ಡ ಹತ್ತುವ ಪಂದ್ಯಗಳಲ್ಲಿ ಕಾರು ಓಡಿಸಿದವರು, ಓಡಿಸಿದೆವು ಅಂತ ಹೇಳಿಕೊಳ್ಳುವವರು. ಅವಳಿಗಾಗ ಇಪ್ಪತ್ತೆರಡು. ಲೈಸೆನ್ಸ್ ಬಂದು ವಾರ ಆಗಿರಲಿಲ್ಲ. "ತಗೋ, ಓಡಿಸಿ ತೋರಿಸು," ಅಂತ ಅಪ್ಪ ಎಲ್ಲರೆದುರಿಗೆ ಕೀಲಿ ಎಸೆದ. ಹಿಡಿಯಲಾಗದೆ ಅದು ಅವಳ ಎದೆಗೆ ತಾಗಿ ಕೆಳಗೆ ಬಿತ್ತು. ಅಲ್ಲಿಂದಲೇ ನಗು ಶುರುವಾಗಿತ್ತೇನೋ. ಕ್ಲಚ್ ಬಿಟ್ಟಳು, ಕಾರು ಸೀನಿದ ಹಾಗೆ ಒದರಿ ನಿಂತಿತು. ಮತ್ತೆ ಬಿಟ್ಟಳು, ನಿಂತಿತು. ಆಮೇಲೆ ಬ್ರೇಕಿನ ಮೇಲಿದ್ದ ಕಾಲು ಯಾವುದು, ಕ್ಲಚ್ಚಿನ ಮೇಲಿದ್ದದ್ದು ಯಾವುದು ಗೊತ್ತಾಗದೆ ಕಾರು ಹಿಂದಕ್ಕೆ ಜಾರಿ ಜಾಯಿಕಾಯಿ ಶರಬತ್ತಿನ ಗಾಡಿಗೆ ಹೋಗಿ ಒರಗಿತು. ಹೆಚ್ಚು ಏನೂ ಆಗಲಿಲ್ಲ, ನಾಲ್ಕು ಗ್ಲಾಸು ಒಡೆದವು, ಗಾಡಿಯ ಹೆಂಗಸು ಮಲಯ ಭಾಷೆಯಲ್ಲಿ ಬೈದಳು. ಗಂಡಸರು ಮಾತ್ರ ಮೇಜು ಬಡಿದು ನಕ್ಕರು. ಅಪ್ಪ ಕಣ್ಣೊರೆಸಿಕೊಂಡು ನಕ್ಕ. ಅಪ್ಪನ ಜೀವದ ಗೆಳೆಯ ಸಿಯಾಂಗ್ ಅಂಕಲ್ ಬಂದು ಬಾಗಿಲು ತೆಗೆದು, ಮಗುವನ್ನು ಇಳಿಸುವ ಹಾಗೆ ತೋಳು ಹಿಡಿದು ಇಳಿಸಿ, "ಬೇಜಾರ್ ಮಾಡ್ಕೋಬೇಡಮ್ಮ, ಇದು ಪಂದ್ಯದ ಎಂಜಿನ್ನು. ಇಂಥದ್ದು ಹೆಣ್ಣು ಕೈಗೆ ಬಗ್ಗಲ್ಲ," ಅಂದ. ಸಮಾಧಾನದ ಮಾತು ಅದು. ಬೈದಿದ್ದರೆ ಎಂದೋ ಮರೆಯುತ್ತಿದ್ದಳು.

ಆ ಮಾತು ಮನೆಗೆ ಬಂದು ಮನೆಯ ಮಾತಾಯಿತು. ಅವಳು ಗುಮಾಸ್ತೆಯಾಗಿದ್ದ ಸ್ಕೂಲಿನ ಆಫೀಸಿನವರು ಹೆಡ್‌ಕ್ಲರ್ಕ್ ಮಾಡುತ್ತೇವೆ, ಕ್ವಾಲಾಲಂಪುರಕ್ಕೆ ಹೋಗುತ್ತೀಯಾ ಅಂದಾಗ, "ಎಂಜಿನ್ ದೊಡ್ಡದಾಯ್ತಲ್ಲೇ ನಿನಗೆ?" ಅಂದ ಅಪ್ಪ, ಪೇಪರಿನಿಂದ ತಲೆ ಎತ್ತದೆ. ಲಾರಿ ಇಟ್ಟುಕೊಂಡಿದ್ದ ಬುಕಿತ್ ಮೆರ್ತಾಜಮ್ ಕಡೆಯ ಗಂಡು ನೋಡಲು ಬಂದು, ಜೋರಾಗಿ ಮಾತಾಡಿ, ಜೋರಾಗಿ ಉಂಡು ಹೋದಾಗ ಆ ಮಾತನ್ನು ಅಪ್ಪ ಆಡಲಿಲ್ಲ, ಅವಳೇ ಆಡಿಕೊಂಡಳು. ಎಂಜಿನ್ ದೊಡ್ಡದು. ಟೈಪ್‌ರೈಟರ್ ಮುಂದೆ ಮೂವತ್ತು ವರ್ಷ ಕೂತು ಎದ್ದಳು. ಓಡಿಸಿದ್ದು ಡಬ್ಬಿಯಂಥ ಪುಟ್ಟ ಕಾರು, ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋದದ್ದು ಅದರಲ್ಲೇ. ಅವನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು, "ನಿನಗಿದು ಸರಿಯಾಯ್ತು ನೋಡು, ಹೊಲಿಗೆ ಮಷೀನು," ಅನ್ನುತ್ತಿದ್ದ. ಅಪ್ಪ ಸತ್ತಾಗ ಹಸಿರು ಕಾರು ಅವಳ ಅಣ್ಣ ಬೂನ್ ಕೀಟ್‌ನ ಪಾಲಿಗೆ ಬಂತು. ಅವನು ಫೋನಿನಲ್ಲಿ, "ಏ ಹೂನ್, ನಮ್ಮ ಫ್ಲ್ಯಾಟಲ್ಲಿ ಜಾಗ ಎಲ್ಲಿದೆ, ನೀನೇ ಇಟ್ಕೋ," ಅಂದ, ಹಳೆಯ ಸೋಫಾ ಕೊಟ್ಟ ಹಾಗೆ. ಸರಿ, ಸೋಫಾ ಆದರೆ ಸೋಫಾ. ಅಂದೇ ಅವಳ ತಲೆಯಲ್ಲಿ ಕೂತದ್ದು: ಈ ಕಾರನ್ನು ಆ ಏರಿನ ಮೇಲೆ, ಆ ಅಂಗಡಿಯ ಮುಂದೆ, ಭಾನುವಾರ ಬೆಳಿಗ್ಗೆ, ನಿಲ್ಲಿಸದೆ ಹತ್ತಿಸಬೇಕು. ಆದರೆ ಅಪ್ಪನ ಎಂಜಿನ್ನಿನಲ್ಲಿ ಅಲ್ಲ. ಅದು ಹೇಗೂ ಹೊಗೆ ಕಾರುತ್ತಿತ್ತು, ಬಿಡಿಭಾಗ ಸಿಗುತ್ತಿರಲಿಲ್ಲ, ಕಾರಣ ಹೇಳಲು ಅಷ್ಟು ಸಾಕು. ನಿಜವಾದ ಕಾರಣ ಹೇಳಿದ್ದರೆ ಕಿಯೋಂಗನೂ ನಗುತ್ತಿದ್ದನೋ ಏನೋ.

ಕಿಯೋಂಗ್ ಈಗ ಚೈನ್ ಎಳೆಯುತ್ತಿದ್ದ. ಅವನಿಗೂ ಐವತ್ತು ದಾಟಿದೆ, ಬನಿಯನ್ ಬೆನ್ನಿಗೆ ಅಂಟಿತ್ತು. ಕಟಕಟ ಅಂತ ಒಂದೊಂದೇ ಕೊಂಡಿ ಏರುತ್ತಾ ಎಂಜಿನ್ ತನ್ನ ಗೂಡಿನಿಂದ ಎದ್ದಿತು. ಎಣ್ಣೆ ತೊಟ್ಟಿಕ್ಕಿತು. ತೊಲೆಯಿಂದ ನೇತುಬಿದ್ದು, ಸೊಂಟ ಹಿಡಿದವರ ಹಾಗೆ ಓರೆಯಾಗಿ ಒಂದು ಸುತ್ತು ತಿರುಗಿ ನಿಂತಿತು. ಇಷ್ಟೇನಾ, ಅನ್ನಿಸಿತು ಅವಳಿಗೆ. ಇಷ್ಟಕ್ಕೇನಾ. ಕೆಂಪು ಬಣ್ಣ ಬಳಿದ ಎರಕದ ಕಬ್ಬಿಣ. ಪಕ್ಕದಲ್ಲಿ ಜೋಡಿ ಕಾರ್ಬುರೇಟರು, ಅಪ್ಪ ಪ್ರತಿ ಶನಿವಾರ ಟೂತ್‌ಬ್ರಷ್ಷಿನಿಂದ ತಿಕ್ಕುತ್ತಿದ್ದವು. ಟಾರ್ಚ್ ಹಿಡಿಯುವುದು ಅವಳ ಕೆಲಸ. ಬೆಳಕು ಅಲುಗಿದರೆ ಬೈಗುಳ.

"ಎರಡು ಮೂಗು, ಒಂದೇ ಉಸಿರು," ಅಂತ ಕಿಯೋಂಗ್ ನಕ್ಕು ಕಾರ್ಬುರೇಟರುಗಳನ್ನು ತಟ್ಟಿದ. "ನಮ್ಮಪ್ಪ ಹೇಳ್ತಿದ್ದ ಮಾತು ಅಕ್ಕ. ಇದನ್ನ ಹಾಕಿದ ದಿನ ಮನೆಗೆ ಬಂದು ನಕ್ಕಿದ್ದೇ ನಕ್ಕಿದ್ದು."

"ಏನನ್ನ ಹಾಕಿದ ದಿನ?"

"ಈ ಎಂಜಿನ್ನ." ಅವನು ಅವಳ ಮುಖ ನೋಡಿದ. ಕೈಯಲ್ಲಿದ್ದ ಬಟ್ಟೆಯಿಂದ ಸುಮ್ಮನೆ ಬೆರಳು ಒರೆಸತೊಡಗಿದ. "ಅಕ್ಕ... ಮನೇಲಿ ಗೊತ್ತಿಲ್ವಾ? ಅಮ್ಮ ಹೇಳಿಲ್ವಾ?"

"ಏನು ಹೇಳೋದು?"

"ಅಯ್ಯೋ, ನಾನೊಬ್ಬ." ಸ್ಕ್ರೂಡ್ರೈವರ್ ತೆಗೆದುಕೊಂಡು ಎಂಜಿನ್ನಿನ ಹೊಟ್ಟೆಯ ಕೆಳಗೆ ಒಂದು ಗೆರೆ ಕೆರೆದ. ಕೆಂಪಿನ ಪಕಳೆ ಎದ್ದು ಕೆಳಗಿನ ಬೂದು ಬಣ್ಣ ಕಂಡಿತು. "ಇದು ಬ್ರೆಡ್ ಮಾರೋ ವ್ಯಾನಿಂದು ಅಕ್ಕ. ಕಾರಿನ ಸ್ವಂತ ಎಂಜಿನ್ನು ಗುಡ್ಡದ ಮೇಲೆ ಒಡೆದುಹೋಯ್ತು, ರಾಡು ಕಿತ್ಕೊಂಡು ಹೊರಗೇ ಬಂದಿತ್ತಂತೆ. ನಿಮ್ಮಪ್ಪ ಕತ್ತಲಲ್ಲಿ ಹಗ್ಗ ಕಟ್ಟಿ ಎಳ್ಕೊಂಡು ಬಂದ್ರು. ನಮ್ಮಪ್ಪ ಗುಜರಿಯಿಂದ ಇದನ್ನ ತಂದು ಕೂರಿಸಿದ. ಬಣ್ಣ, ಈ ಎರಡು ಮೂಗು, ಗಂಟಲು ಹರಿಯೋ ಹಾಗೆ ಕೂಗೋ ಸೈಲೆನ್ಸರು, ಎಲ್ಲ ನಿಮ್ಮಪ್ಪಂದೇ ಐಡಿಯಾ. ಯಾರಿಗೂ ಹೇಳ್ಬಾರ್ದು ಅಂತ ದೇವರ ಮುಂದೆ ಆಣೆ ಹಾಕಿಸ್ಕೊಂಡಿದ್ರು. ಈಗ ಇಬ್ರೂ ಇಲ್ವಲ್ಲ ಅಂತ ನಾನು..."

"ಯಾವಾಗ?"

"ಕುದುರೆ ವರ್ಷ. ನಾನಿನ್ನೂ ಸ್ಕೂಲಿಗೆ ಹೋಗ್ತಿದ್ದೆ."

ಕುದುರೆ, ಆಡು, ಮಂಗ, ಕೋಳಿ, ನಾಯಿ, ಹಂದಿ, ಇಲಿ. ಹನ್ನೆರಡು ಪ್ರಾಣಿಗಳ ಹೆಸರಿನ ಚೀನೀ ವರ್ಷಗಳಿಗೆ ಅವಳು ಒಂದೊಂದೇ ಬೆರಳು ಮಡಿಚುತ್ತಾ ಹೋದಳು, ಮಡಿಲಿನ ಕೈಚೀಲದ ಮರೆಯಲ್ಲಿ. ಅವಳು ಏರಿನ ಮೇಲೆ ಜಾರಿದ್ದು ಇಲಿ ವರ್ಷದಲ್ಲಿ, ಆರು ವರ್ಷ ಆದಮೇಲೆ. ಬೆರಳು ಮಡಿಚಿದ್ದೇ ಉಳಿಯಿತು. ಹಾಗಾದರೆ ಆ ಭಾನುವಾರ ತನ್ನ ಕಾಲಡಿ ಒದರಿದ್ದು ಬ್ರೆಡ್ಡಿನ ವ್ಯಾನು. ಬೆಳಿಗ್ಗೆ ಓಣಿ ಓಣಿ ಗಂಟೆ ಬಾರಿಸಿಕೊಂಡು ಬರುತ್ತಿದ್ದಂಥದ್ದು, ಮುದುಕರು ಓಡಿಸುತ್ತಿದ್ದಂಥದ್ದು. ಹೆಣ್ಣು ಕೈಗೆ ಬಗ್ಗಲ್ಲ ಅಂದರಲ್ಲ. ನಗು ಬರುತ್ತದೇನೋ ಅಂತ ಅವಳು ಕಾದಳು. ಬರಲಿಲ್ಲ. ಗ್ಯಾರೇಜಿನ ನೆಲದ ಮೇಲೆ ಎಣ್ಣೆಯ ಮಡು ಹಿಗ್ಗುತ್ತಾ ಅವಳ ಚಪ್ಪಲಿಯ ತುದಿಗೆ ಬಂದಿತ್ತು. ಕಾಲು ಹಿಂದೆ ಸರಿಸಬೇಕು ಅಂತ ಗೊತ್ತಿದ್ದೂ ಸರಿಸದೆ, ಮೂವತ್ತೈದು ವರ್ಷದ ಹಿಂದಿನ ಆ ಕ್ಷಣಕ್ಕೆ ತಾನು ಸಿಟ್ಟಾಗಬೇಕೋ, ಅಪ್ಪನ ಮೇಲೆ ಕನಿಕರ ಪಡಬೇಕೋ, ಅಥವಾ ಬರೀ ವ್ಯಾನನ್ನೂ ಓಡಿಸಲಾರದೆ ಹೋದೆನಲ್ಲ ಅಂತ ಹೊಸದಾಗಿ ನಾಚಬೇಕೋ ತಿಳಿಯದೆ ಕೂತಳು. ಮೂರನೆಯದೇ ಗೆದ್ದಿತು. ಅದು ಯಾವಾಗಲೂ ಗೆಲ್ಲುತ್ತಿತ್ತು.

"ಗುಜರಿಗೆ ಹಾಕ್ಲಾ ಅಕ್ಕ, ಇಟ್ಕೋತೀರಾ?" ಕಿಯೋಂಗ್ ನೇತಾಡುವ ಎಂಜಿನ್ನನ್ನು ಒಂದು ಕೈಯಿಂದ ತಡೆದು ಹಿಡಿದಿದ್ದ.

"ಹಾಕು."

"ಹೊಸದಕ್ಕೆ ಹಳೇ ಸೈಲೆನ್ಸರೇ ಜೋಡಿಸ್ಲಾ? ಚೆನ್ನಾಗಿದೆ ಇನ್ನೂ."

ಜೋಡಿಸು ಅಂತ ತಲೆ ಆಡಿಸಿದಳು. ಯೋಚಿಸಿ ಆಡಿಸಿದ್ದಲ್ಲ.

ಮನೆಗೆ ಬಂದಾಗ ಅಮ್ಮ ಮಧ್ಯಾಹ್ನದ ಗಂಜಿ ಮುಗಿಸಿ, ಅದೇ ಬೆತ್ತದ ಕುರ್ಚಿಯಲ್ಲಿ, ಫ್ಯಾನಿನ ಗಾಳಿಗೆ ಕಾಲು ಚಾಚಿದ್ದಳು. ಚಪ್ಪಲಿ ಬಿಡುವ ಮುಂಚೆಯೇ ಹೂನ್ ಕೇಳಿದಳು. "ಬ್ರೆಡ್ ವ್ಯಾನಿಂದಂತೆ. ನಿನಗೆ ಗೊತ್ತಿತ್ತಾ?"

ಅಮ್ಮ ಚಾಚಿದ ಕಾಲು ಮಡಿಚಿಕೊಂಡಳು. "ಕಿಯೋಂಗನ ಬಾಯಿ ಅವರಪ್ಪನ ಬಾಯಿಯಷ್ಟು ಗಟ್ಟಿಯಿಲ್ಲ," ಅಂದಳು. ಆಮೇಲೆ, "ಮೂರು ಸಲವೂ ನಕ್ಕ ಅಲ್ವಾ?"

"ನಿನಗೆ ಹೇಗೆ..."

"ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಕವುಚಿ ಬಿದ್ರೆ ಒಂದೇ ಸದ್ದು. ಬೆನ್ನಿನ ಮೇಲೆ ಬಿದ್ರೆ ಟಕಟಕ ಅಂತ ತೂಗ್ತಾವೆ." ಅಮ್ಮ ಗಾಳಿಯಲ್ಲಿ ಕೈ ತೂಗಿ ತೋರಿಸಿದಳು. "ಇಷ್ಟು ವಯಸ್ಸಾಯ್ತು, ಇಷ್ಟು ಗೊತ್ತಿಲ್ವೇನೇ ನಿನಗೆ? ನಕ್ರೆ ಒಲ್ಲೆ ಅಂತಲ್ಲ. ಪ್ರಶ್ನೆ ಸರಿಯಿಲ್ಲ, ತಿರುಗಿಸಿ ಕೇಳು ಅಂತ. ನಿನ್ನ ಎಂಜಿನ್, ನಿನ್ನ ಎಂಜಿನ್ ಅಂತ ಮೂರು ಸಲವೂ ಅದನ್ನೇ ಕೇಳಿದೆ. ಅದು ಅವನದು ಯಾವತ್ತು ಆಗಿತ್ತು? ಪಾಪ, ಇನ್ನೇನು ಮಾಡ್ತಾನೆ, ನಕ್ಕ."

"ನನ್ನ ನೋಡಿ ನಕ್ಕ ಅಂದ್ಕೊಂಡೆ."

"ನಿನ್ನದು ಯಾವಾಗಲೂ ಅದೇ."

ಹೂನ್ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಪ್ಪನ ಫೋಟೋ ಮೇಲೆ ಊದುಬತ್ತಿಯ ಬೂದಿ ಉದುರಿತ್ತು. "ನನಗಾದ್ರೂ ಹೇಳಬಹುದಿತ್ತಲ್ಲಮ್ಮ," ಅಂದಳು. ದನಿ ಹುಡುಗಿಯ ದನಿಯಾಯಿತು, ಅವಳಿಗೇ ಹೇಸಿಗೆಯಾಯಿತು.

"ಏನಂತ ಹೇಳಲಿ? ಅವನಿಗೊಂದು ಎಂಜಿನ್ ಬೇಕಿತ್ತು. ಇರಲಿ ಅಂತ ಬಿಟ್ಟೆ. ನಿನಗೇನು ಬೇಕಿತ್ತೋ ಯಾರಿಗೆ ಗೊತ್ತು? ನೀನು ಯಾವತ್ತೂ ಕೇಳ್ಳೇ ಇಲ್ಲ."

ಅಷ್ಟರಲ್ಲಿ ಅಮ್ಮನ ಗಲ್ಲ ಎದೆಗೆ ವಾಲಿ ನಿದ್ದೆ ಹತ್ತಿತ್ತು, ಇಲ್ಲವೇ ಹತ್ತಿದ ಹಾಗೆ ಮಾಡಿದ್ದಳು.

ಕಾರು ಸಿದ್ಧವಾಗುವ ಹೊತ್ತಿಗೆ ದುರಿಯನ್ ಹಣ್ಣಿನ ಕಾಲ ಬಂದು ಊರೆಲ್ಲ ನಾರುತ್ತಿತ್ತು. ಒಂದು ಭಾನುವಾರ ಅವಳು ಹೊರಟಳು. ಹೊಸ ಎಂಜಿನ್ ಹಗುರ, ಮಾತು ಮುಗಿಯುವ ಮುಂಚೆಯೇ ಅರ್ಥ ಮಾಡಿಕೊಳ್ಳುವ ಜಾಣ ಮಗುವಿನ ಹಾಗೆ, ಪೆಡಲ್ ಮುಟ್ಟಿದರೆ ಮುಂದಕ್ಕೆ ಹೋಗುತ್ತಿತ್ತು. ಹೆದರಿಕೆಯೇ ಆಗಲಿಲ್ಲ, ಆಗದ್ದು ಕಂಡು ಸ್ವಲ್ಪ ಪೆಚ್ಚಾಯಿತು. ಬಲಕ್ಕೆ ಸಮುದ್ರ, ಎಡಕ್ಕೆ ಗುಡ್ಡ. ದಾರಿಯುದ್ದಕ್ಕೂ ಅವಳು ಬಾಯಲ್ಲಿ ಮಾತು ಹೊಸೆಯುತ್ತಿದ್ದಳು. 'ಅಂಕಲ್, ಅಪ್ಪನ ಪಂದ್ಯದ ಎಂಜಿನ್ ಯಾವುದರದು ಗೊತ್ತಾ?' ಅಂತ ಶುರು ಮಾಡಬೇಕು. ಇಲ್ಲ, ಅದು ಒಗಟಿನ ಹಾಗಾಗುತ್ತದೆ. 'ನೀವೆಲ್ಲ ಅಷ್ಟು ವರ್ಷ ಕೈಮುಗಿದದ್ದು ಬ್ರೆಡ್ಡಿನ ವ್ಯಾನಿಗೆ' ಅನ್ನಬೇಕು, ನಿಂತುಕೊಂಡೇ, ಕೂರು ಅಂದರೂ ಕೂರದೆ. ಆಮೇಲೆ ಅವರ ಮುಖಗಳು. ಆ ಮುಖಗಳನ್ನು ಅವಳು ಮನಸ್ಸಿನಲ್ಲೇ ಎಷ್ಟು ಸಲ ನೋಡಿಯಾಗಿತ್ತೆಂದರೆ ಅವು ಸವೆದುಹೋಗಿದ್ದವು.

ಅಂಗಡಿಯ ಮುಂದೆ ನಿಲ್ಲಿಸದೆ ಹತ್ತಿಸಬೇಕು ಅಂದುಕೊಂಡಿದ್ದವಳು ನಿಲ್ಲಿಸಿದಳು. ಮಾತಾಡಬೇಕಿತ್ತಲ್ಲ. ಗುಂಪಿನಲ್ಲಿ ಉಳಿದವರು ಮೂವರೇ. ಸಿಯಾಂಗ್ ಅಂಕಲ್ ಊರುಗೋಲು ಮೇಜಿಗೆ ಒರಗಿಸಿ, ಕಾಯಾ ಅನ್ನುವ ತೆಂಗಿನಹಾಲಿನ ಜಾಮ್ ಹಚ್ಚಿದ ರೊಟ್ಟಿಯನ್ನು ಕಾಫಿಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದವನು, ಸದ್ದು ಕೇಳಿ ರೊಟ್ಟಿ ಕೈಯಲ್ಲೇ ಹಿಡಿದು ಎದ್ದು ನಿಂತ. ತುಂಡು ಕಾಫಿಗೆ ಬಿತ್ತು.

"ಟೈಕ್ ಲೆಂಗ್!" ಅಂತ ಅಪ್ಪನ ಹೆಸರು ಹಿಡಿದು ಕೂಗಿದ. ಕಣ್ಣು ತುಂಬಿದ್ದವು. "ಕೇಳ್ರೋ, ಅದೇ ಗಂಟಲು! ಸತ್ತೋನು ಎದ್ದು ಬಂದ ಹಾಗಾಯ್ತಲ್ಲೋ."

"ಮಗಳು ಅಂಕಲ್. ಹೂನ್."

"ಗೊತ್ತು ಗೊತ್ತು, ಮಗಳು. ಬಾಮ್ಮ." ಅವನು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ, ಜ್ವರ ನೋಡುವ ಹಾಗೆ. "ಈಗಿನೋರು ಜಪಾನಿನ ಹಾಫ್‌ಕಟ್ ತಂದು ತುರುಕಿ ಕಾರಿನ ಮಾನ ಕಳೀತಾರೆ. ನೀನು ಹಾಗೆಲ್ಲ ಮಾಡಿಸಿಲ್ಲ ತಾನೆ? ಇದು ಅವನದೇ ಎಂಜಿನ್ ಅಲ್ವಾ?"

ಮೂವರೂ ಅವಳನ್ನೇ ನೋಡಿದರು. ಹೊಸೆದಿಟ್ಟ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಆಡುವುದೊಂದೇ ಬಾಕಿ. ಆಗ, ಬಾಯಿ ತೆರೆದ ಆ ಗಳಿಗೆಯಲ್ಲಿ, ಅದರ ಹಿಂಬದಿಯೂ ಅವಳಿಗೆ ಕಂಡುಬಿಟ್ಟಿತು. ಅಪ್ಪನದು ಬ್ರೆಡ್ಡಿನ ವ್ಯಾನಾದರೆ ಇವರು ಒಂದು ದಿನ ಮೇಜು ಬಡಿದು ನಗುತ್ತಾರೆ, ಮರೆಯುತ್ತಾರೆ. ಆದರೆ ಅವಳು ಕ್ವಾಲಾಲಂಪುರಕ್ಕೆ ಹೋಗದಿದ್ದದ್ದು? ಜೋರಾಗಿ ಉಂಡು ಹೋದ ಆ ಗಂಡಿಗೆ ಒಲ್ಲೆ ಅಂದದ್ದು? ಪಂದ್ಯದ ಎಂಜಿನ್ನಿಗೆ ಹೆದರಿ ಬದುಕಿದವಳು ಅಂದರೆ ಅದಕ್ಕೊಂದು ತೂಕವಾದರೂ ಇದೆ. ವ್ಯಾನಿಗೆ ಹೆದರಿ ಒಂದು ಇಡೀ ಜನ್ಮ ಮುಗಿಸಿದವಳಿಗೆ ಏನಿದೆ? ಅಪ್ಪನನ್ನು ಇಳಿಸಿದರೆ ಜೊತೆಗೆ ತಾನೂ ಇಳಿಯಬೇಕು. ಅಪ್ಪನೂ ಒಂದು ದಿನ ಇದೇ ಜಾಗದಲ್ಲಿ ನಿಂತು, ಇದೇ ಮುಖಗಳ ಮುಂದೆ, ಹೀಗೇ ಬಾಯಿ ತೆರೆದಿರಬೇಕು.

"ಹೌದು ಅಂಕಲ್," ಅಂದಳು. "ಅಪ್ಪಂದೇ. ಒರಿಜಿನಲ್ಲು."

"ನಾನು ಹೇಳ್ಲಿಲ್ವಾ!" ಸಿಯಾಂಗ್ ಅಂಕಲ್ ಉಳಿದಿಬ್ಬರ ಕಡೆ ತಿರುಗಿದ. "ಕಿವಿ ಸುಳ್ಳು ಹೇಳಲ್ಲ." ಆಮೇಲೆ ಯಾರೂ ಕರೆಯದೆಯೇ ಪಕ್ಕದ ಬಾಗಿಲು ತೆಗೆದು, ಊರುಗೋಲನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೂತ. "ನಡಿ, ಏರು ಹತ್ತಿಸು. ಭಯಪಡಬೇಡ, ನಾನಿದ್ದೀನಿ. ಬೂನ್ ಕೀಟ್ ಬಂದಾಗ ಅವನ ಕೈಗೆ ಕೊಡು, ಅಲ್ಲೀವರೆಗೆ ನೀನು ಮೆತ್ತಗೆ ಓಡಿಸ್ತಿರು, ಎಂಜಿನ್ ಜಾಮ್ ಆಗಬಾರದು ನೋಡು."

ಕಾರು ಎಲ್ಲೂ ಒದರಲಿಲ್ಲ. ಅಂಗಡಿ ಹಿಂದಾಯಿತು, ಜಾಯಿಕಾಯಿ ಮರಗಳು ಹಿಂದಾದವು. ಏರು ಕಡಿದಾದಲ್ಲಿ ಕೂಡ ಮೂರನೇ ಗೇರಿನಲ್ಲೇ, ಉಸಿರು ಬಿಗಿಹಿಡಿಯದೆ, ಸಲೀಸಾಗಿ ಹತ್ತುತ್ತಿತ್ತು. ಇನ್ನೂ ಶಕ್ತಿ ಇತ್ತು. ಅದು ಅವಳ ಅಂಗಾಲಿಗೆ ತಿಳಿಯುತ್ತಿತ್ತು.

"ಎರಡನೇ ಗೇರು ಹಾಕು," ಅಂದ ಮುದುಕ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಇಲ್ಲಿ ಟೈಕ್ ಲೆಂಗ್ ಎರಡನೇದೇ ಹಾಕ್ತಿದ್ದ."

ಕಾರಿಗೆ ಬೇಕಿರಲಿಲ್ಲ. ಹೂನ್ ಕ್ಲಚ್ ಒತ್ತಿ ಎರಡನೆಯದು ಹಾಕಿದಳು.